ಬೀದರದ ತಂತಿ ಕಿತ್ತ ವರ್ಷ

ನಿವೃತ್ತ ಟೆಲಿಫೋನ್ ನೌಕರರ ಸಭೆಗೆ ಹೈದರಾಬಾದಿನಿಂದ ಒಬ್ಬರು ಬಂದು ಕಂಪ್ಯೂಟರ್ ನೆಟ್‌ವರ್ಕಿನ ಚರಿತ್ರೆ ಹೇಳಿದರು. ಮೊದಲು ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳ ಯಂತ್ರಗಳು ತಮ್ಮತಮ್ಮಲ್ಲಿ ಮಾತಾಡಿದವಂತೆ. ಆಮೇಲೆ ಯುರೋಪು, ಆಮೇಲೆ ದಿಲ್ಲಿ, ಎಂಬತ್ತರ ದಶಕದ ಕೊನೆಗೆ ನಮ್ಮ ಜಿಲ್ಲೆಗಳಿಗೂ ಆಕಾಶದಿಂದ ಸಂಪರ್ಕ ಬಂತಂತೆ. "ಅಲ್ಲಿಗೆ ದೂರ ಎಂಬುದೇ ಸತ್ತುಹೋಯಿತು" ಎಂದು ಅವರು ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಪಕ್ಕದಲ್ಲಿ ಕೂತವರು "ಯಾಕ್ರಿ, ಆರಾಮಿಲ್ಲೇನ್ರಿ?" ಎಂದು ಕೇಳಿದರು. ಆರಾಮಾಗೇ ಇದ್ದೆ, ಸಿಟ್ಟು ಬಂದಿತ್ತು. ಆ ವರ್ಷ ನಮ್ಮ ಕಡೆ ಸತ್ತದ್ದು ದೂರ ಅಲ್ಲ, ನನ್ನ ಅಕ್ಕನ ಗಂಡ. ಅದನ್ನು ಆ ಸಭೆಯಲ್ಲಿ ಹೇಳಲು ಬಾಯಿ ಬರಲಿಲ್ಲ. ಇಲ್ಲಿ ಹೇಳುತ್ತೇನೆ.

ನಾನು ಜಹೀರಾಬಾದಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಹುಟ್ಟಿದ್ದು ನಾರಾಯಣಖೇಡದ ಕಡೆ, ಮಾಂಜ್ರಾ ಹೊಳೆಯ ದಂಡೆಯ ಹಳ್ಳಿಯಲ್ಲಿ. ನಾನು ಹುಟ್ಟಿದಾಗ ಜಹೀರಾಬಾದೂ ನಾರಾಯಣಖೇಡವೂ ಬೀದರ ಜಿಲ್ಲೆಗೆ ಸೇರಿದ್ದವು. ಅಪ್ಪ ಕೋರ್ಟಿಗೆ ಹೋದರೆ ಬೀದರಕ್ಕೆ, ಜ್ವರ ಬಿಡದಿದ್ದರೆ ಬೀದರಕ್ಕೆ, ಮದುವೆ ಜವಳಿ ಎಂದರೂ ಬೀದರಕ್ಕೆ. ರಾಜ್ಯಗಳು ಒಡೆದು ಹೊಸದಾಗಿ ಕೂಡಿಕೊಂಡಾಗ ಬೀದರ ಕನ್ನಡದ ರಾಜ್ಯಕ್ಕೆ ಹೋಯಿತು, ನಾವು ತೆಲುಗಿನ ರಾಜ್ಯದಲ್ಲಿ ಉಳಿದೆವು. ನಮ್ಮನ್ನು ಯಾರೂ ಕೇಳಲಿಲ್ಲ. ಮನೆಯಲ್ಲಿ ಕನ್ನಡ, ಬಜಾರದಲ್ಲಿ ಉರ್ದು, ಕಚೇರಿಯಲ್ಲಿ ತೆಲುಗು ಎಂದು ನಾವೇ ಹೊಂದಿಸಿಕೊಂಡೆವು. ಹೊಳೆಗೆ ಮಾತ್ರ ಯಾರೂ ಗಡಿ ತೋರಿಸಿರಲಿಲ್ಲ. ಅದು ಮೊದಲಿನ ಹಾಗೇ ಬೀದರ ಜಿಲ್ಲೆ ದಾಟಿಕೊಂಡು ನಮ್ಮೂರಿಗೆ ಬರುತ್ತಿತ್ತು.

ಹೊಳೆಯ ಜೊತೆ ಇನ್ನೊಂದು ಉಳಿದಿತ್ತು. ಬೀದರದಿಂದ ಜಹೀರಾಬಾದಿಗೆ ರಸ್ತೆಬದಿಯ ಕಂಬಗಳ ಮೇಲೆ ಎಳೆದ ನೇರ ಟೆಲಿಫೋನ್ ತಂತಿ. ಬೀದರ ನಮ್ಮ ಜಿಲ್ಲಾ ಊರಾಗಿದ್ದ ಕಾಲದ್ದು. ರಾಜ್ಯ ಒಡೆದವರು ಅದನ್ನು ಮರೆತುಬಿಟ್ಟಿದ್ದರು, ನಮ್ಮ ಪುಣ್ಯ. ನನ್ನ ಮುಂದಿನ ಬೋರ್ಡಿನಲ್ಲಿ ಬೀದರದ ಬಿಲ್ಲೆ, ಅಂದರೆ ಕರೆ ಬಂದರೆ ಕೆಳಗೆ ಬೀಳುವ ಸಣ್ಣ ತಗಡು, ಬಲಗಡೆಯ ತುದಿಗೆ ಇತ್ತು. ಹಿಡಿಕೆ ತಿರುವಿದರೆ ಆ ಕಡೆ ಒಬ್ಬ ಹೆಂಗಸು ಎತ್ತುತ್ತಿದ್ದಳು. ಅವಳ ಮುಖ ನಾನು ಎಂದೂ ನೋಡಿರಲಿಲ್ಲ. ಅವಳಿಗೆ ಎಷ್ಟು ಮಕ್ಕಳು, ಅತ್ತೆಯ ಕಾಟ ಎಷ್ಟು, ಯಾವ ಹಲ್ಲು ನೋಯುತ್ತದೆ ಎಲ್ಲ ಗೊತ್ತಿತ್ತು. ಒಂದು ಬೇಸಿಗೆಯಲ್ಲಿ ಬಸ್ಸಿನವರ ಕೈಯಲ್ಲಿ ನನಗೆ ಸಂಡಿಗೆ ಕಳಿಸಿದ್ದಳು.

ನಾವು ಇಬ್ಬರೂ ದಿನಾ ಮಾಡುತ್ತಿದ್ದ ಒಂದು ಕೆಲಸ ಯಾವ ನಿಯಮದಲ್ಲೂ ಇರಲಿಲ್ಲ. ನಮಗಿಂತ ಮೊದಲು ಕೂತವರೂ ಅದನ್ನು ಮಾಡುತ್ತಿದ್ದರು, ಅವರಿಂದ ನಾವು ಕಲಿತೆವು. ಮಧ್ಯಾಹ್ನ ನಾರಾಯಣಖೇಡದ ಬಸ್ಸು ಹೊರಡುವ ಮುಂಚೆ ನಾನು ಬೀದರಕ್ಕೆ ಹಚ್ಚಿ "ಹೊಳಿ ಹ್ಯಾಂಗದರಿ?" ಎಂದು ಕೇಳುತ್ತಿದ್ದೆ. ಮೇಲಿನ ಊರುಗಳ ಲೈನ್‌ಮನ್ನರು, ಬಸ್ಸಿನವರು ತಂದ ಸುದ್ದಿ ಅವಳ ಹತ್ತಿರ ಇರುತ್ತಿತ್ತು. "ಇಳದದರಿ, ಫಿಕರ್ ಇಲ್ಲ" ಅನ್ನುವಳು, ಇಲ್ಲವೇ "ಏರ್ಲಾಕತ್ತದ, ನೀರಿನ ಇಂಜಿನ್ ಮ್ಯಾಲೆ ತಕ್ಕೊಳ್ಳಾಕ ಹೇಳ್ರಿ" ಅನ್ನುವಳು. ಎಕ್ಸ್‌ಚೇಂಜಿನ ಎದುರಿಗೇ ಬಸ್ ಸ್ಟ್ಯಾಂಡು. ಡ್ರೈವರು ಕಿಟಕಿಯ ಹತ್ತಿರ ಬಂದು, ಗೌರವಕ್ಕೆ ನನ್ನನ್ನು ಬಾಯಿ ಎಂದು ಕರೆದು, ಕೇಳಿಕೊಂಡು ಹೋಗುತ್ತಿದ್ದ. ಹೊಳೆದಂಡೆಯ ಒಂದೊಂದು ಹಳ್ಳಿ ಬಂದಾಗಲೂ ಬರೀ ಗಿಡ್ಡ ಹಾರ್ನ್ ಹೊಡೆದರೆ ಎಲ್ಲ ಸುಖ. ಕೈ ತೆಗೆಯದೆ ಉದ್ದ ಹೊಡೆದರೆ ನೀರು ಬರುತ್ತದೆ, ಮೇಲೆ ಬನ್ನಿ ಎಂದು ಅರ್ಥ.

ಇದು ಯಾಕೆ ಅಷ್ಟು ಮುಖ್ಯ ಎಂದರೆ, ದೀಪಾವಳಿ ಹೊತ್ತಿಗೆ ಹೊಳೆ ಇಳಿದ ಮೇಲೆ ನಮ್ಮ ಕಡೆಯವರು ಹೊಳೆಯೊಳಗೇ ಬೇಸಾಯ ಮಾಡುತ್ತಾರೆ. ನಡುಹೊಳೆಯ ಉಸುಕಿನಲ್ಲಿ ಕುಣಿ ತೋಡಿ, ಗೊಬ್ಬರ ಹಾಕಿ, ಕಲ್ಲಂಗಡಿ, ಕರಬೂಜ, ಸೌತೆ ಹಾಕುತ್ತಾರೆ. ಅಲ್ಲೇ ಗುಡಿಸಲು, ಅಲ್ಲೇ ಎತ್ತು, ಅಲ್ಲೇ ನೀರೆತ್ತುವ ಇಂಜಿನ್. ನನ್ನ ಭಾವ ಅದರಲ್ಲಿ ಎತ್ತಿದ ಕೈ. ಅಕ್ಕನನ್ನು ನಮ್ಮೂರಲ್ಲೇ ಕೊಟ್ಟಿದ್ದರು. ಭಾವನ ಕರಬೂಜ ಬಜಾರಕ್ಕೆ ಬಂತೆಂದರೆ ಜನ ಮೂಸಿ ನೋಡದೆ ಕೊಳ್ಳುತ್ತಿದ್ದರು. ಆ ಮನುಷ್ಯ ಬಹಳ ಮಾತಾಡುವವನಲ್ಲ. ನಾನು ಊರಿಗೆ ಹೋದರೆ "ನಿಮ್ಮ ಭೋಂಗಾ ದಿನಾ ಕೇಳ್ತೀನಿ ನೋಡವ್ವ" ಎಂದು ನಗುತ್ತಿದ್ದ. ಬಸ್ಸಿನ ಹಾರ್ನಿಗೆ ಅವನು ಇಟ್ಟ ಹೆಸರು ಅದು.

ಆಮೇಲೆ ಪ್ರಗತಿ ಬಂತು.

ಮೇಲಿನಿಂದ ಒಬ್ಬ ಇಂಜಿನಿಯರು ಬಂದರು. ಸಭ್ಯ ಮನುಷ್ಯ, ನನ್ನನ್ನು ಅಮ್ಮಾ ಎಂದೇ ಮಾತಾಡಿಸಿದರು. ಹಳೆಯ ಸಣ್ಣ ತಂತಿಗಳನ್ನೆಲ್ಲ ತೆಗೆದು ಎಲ್ಲ ಊರನ್ನೂ ಆಯಾ ರಾಜ್ಯದ ದೊಡ್ಡ ಕೇಂದ್ರಕ್ಕೆ ಜೋಡಿಸುತ್ತೇವೆ ಎಂದರು. ನಮ್ಮ ನೆಲಕ್ಕೆ ಹಾಸಿದ ತಾಂಡೂರಿನ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆದು ತೋರಿಸಿದರು. ನಡುವೆ ಹೈದರಾಬಾದು, ಅದರಿಂದ ನಮ್ಮ ಹೊಸ ಜಿಲ್ಲಾ ಊರು ಸಂಗಾರೆಡ್ಡಿಗೆ ಒಂದು ಗೆರೆ, ಸಂಗಾರೆಡ್ಡಿಯಿಂದ ನಮಗೆ ಒಂದು ಗೆರೆ. ಅದರ ಪಕ್ಕದಲ್ಲಿ ಇನ್ನೊಂದು ಚಿತ್ರ. ನಡುವೆ ದಿಲ್ಲಿ, ಸುತ್ತ ದೇಶದ ಜಿಲ್ಲಾ ಊರುಗಳು. ಜಿಲ್ಲಾ ಕಚೇರಿಗಳ ಮೇಲೆ ದೊಡ್ಡ ತಾಟಿನಂಥದ್ದನ್ನು ಕೂಡಿಸಿ ಉಪಗ್ರಹದ ಮೂಲಕ ಕಂಪ್ಯೂಟರುಗಳನ್ನು ಜೋಡಿಸುತ್ತಾರೆ, ಮಾತು ರೆಪ್ಪೆ ಬಡಿಯುವುದರೊಳಗೆ ದಿಲ್ಲಿಗೆ ಹೋಗಿ ಬರುತ್ತದೆ ಎಂದರು. ಅವರ ಮುಖದಲ್ಲಿ ನಿಜವಾದ ಸಂತೋಷ ಇತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

"ಇದರಾಗ ಬೀದರ ಎಲ್ಲದರಿ?" ಎಂದು ಕೇಳಿದೆ. ಅವರು ಬೇರೆ ಮೂಲೆಯಲ್ಲಿ ಒಂದು ಚುಕ್ಕೆ ಇಟ್ಟರು. ಬೀದರದಿಂದ ಗುಲಬರ್ಗಾ, ಅಲ್ಲಿಂದ ಬೆಂಗಳೂರು, ಅಲ್ಲಿಂದ ಹೈದರಾಬಾದು, ಸಂಗಾರೆಡ್ಡಿ, ಆಮೇಲೆ ನಾವು. ಕಂಪ್ಯೂಟರಿನಲ್ಲಾದರೆ ಬೀದರದಿಂದ ದಿಲ್ಲಿ, ದಿಲ್ಲಿಯಿಂದ ಸಂಗಾರೆಡ್ಡಿ. ನನಗೆ ನಗು ಬಂತು. ಬಸ್ಸು ಹತ್ತಿದರೆ ಒಂದು ತಾಸಿಗೆ ಬೀದರ. ಕೋಟೆ ನೋಡಿಕೊಂಡು ಊಟಕ್ಕೆ ವಾಪಸು ಬರಬಹುದು. ತಾಂಡೂರಿನಿಂದ ವರ್ಗವಾಗಿ ಬಂದಿದ್ದ ನನ್ನ ಜೊತೆಯವಳು "ನಮ್ಮ ಕಡಿಗೂ ಇದೇ ಹಣೇಬರಾ ಅಕ್ಕಾ. ಗಡಿ ಆಚಿ ಸೇಡಂ ಕಣ್ಣಿಗೆ ಕಾಣ್ತದ, ಫೋನ್ ಮಾಡಬೇಕಂದ್ರ ಅರ್ಧ ದೇಶ ಸುತ್ತಬೇಕು" ಎಂದಳು. ಇಂಜಿನಿಯರೂ ನಕ್ಕರು. ತಂತಿಯ ಮೇಲೆ ಹೋಗುವ ಮಾತಿಗೆ ಕಾಲು ನೋಯುವುದಿಲ್ಲ ಅಮ್ಮಾ, ಹತ್ತಿರ ದೂರ ಎಲ್ಲ ಒಂದೇ ಎಂದರು.

ಹೊಳೆಯ ವಿಷಯ ಹೇಳಿದೆ. ಅವರು ಕಿವಿಗೊಟ್ಟು ಕೇಳಿದರು, ಆಮೇಲೆ ಬೀದರದ ತಂತಿಯ ಮೇಲೆ ಟ್ರಾಫಿಕ್ಕೇ ಇಲ್ಲವಲ್ಲ ಎಂದರು. ದುಡ್ಡು ಕೊಟ್ಟು ಬುಕ್ ಮಾಡಿದ ಕಾಲ್ ಮಾತ್ರ ಟ್ರಾಫಿಕ್ಕು. ಇಬ್ಬರು ಹೆಂಗಸರು ದಿನಾ ಹೊಳೆ ಹೇಗಿದೆ ಎಂದು ಕೇಳಿಕೊಳ್ಳುವುದು ಅವರ ಲೆಕ್ಕದಲ್ಲಿ ಹರಟೆ. ಹೊಳೆಯ ಸುದ್ದಿ ಇನ್ನು ಮುಂದೆ ಕಂಪ್ಯೂಟರಿನಲ್ಲೇ ಬರುತ್ತದೆ, ಸರ್ಕಾರವೇ ನೋಡಿಕೊಳ್ಳುತ್ತದೆ ಎಂದರು. ಸಂಗಾರೆಡ್ಡಿಯಿಂದ ಹೊಳೆಯ ತನಕ ಯಾರು ತರುತ್ತಾರೆ ಎಂದು ನಾನು ಕೇಳಿದೆ. ಅದು ನಮ್ಮ ಇಲಾಖೆಗೆ ಬರುವುದಿಲ್ಲ ಎಂದರು. ಈಗಲೂ ಆ ಮಾತು ನೆನಪಾದರೆ ಮೈ ಉರಿಯುತ್ತದೆ. ದಿಲ್ಲಿಯ ತನಕ ಹೋಗಿ ಬರುವ ಮಾತಿಗೆ ದಾರಿ ಮಾಡಿದವರು ಕೊನೆಯ ನಾಲ್ಕು ಹಳ್ಳಿಯ ದಾರಿ ಬಂದಾಗ ಕೈ ತೊಳೆದುಕೊಂಡರು. ನಾನು ಮೇಲಿನವರಿಗೆಲ್ಲ ಹೇಳಿದೆ, ಬರೆದೆ, ಸಂಗಾರೆಡ್ಡಿಗೆ ಹೋಗಿ ನಿಂತೆ. ಯಾರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಒಬ್ಬರಂತೂ ನಿಮ್ಮ ಬೀದರದ ಗೆಳತಿಯ ಜೊತೆ ಹರಟೆ ನಿಲ್ಲುತ್ತದೆ ಎಂದು ಇಷ್ಟು ಸಂಕಟವೇ ಎಂದು ಕೇಳಿದರು.

ಮಳೆಗಾಲ ಮುಗಿದ ಮೇಲೆ ತಂತಿ ಇಳಿಸಿದರು. ಹಿಂದಿನ ದಿನ ಬೀದರದವಳು "ಇನ್ನ ಮ್ಯಾಲೆ ನೀನು ನನಗ ಪರದೇಶ ಆದಿ" ಎಂದು ನಕ್ಕಳು, ನಗುತ್ತಲೇ ಅತ್ತಳು. ಮರುದಿನದಿಂದ ಬಲತುದಿಯ ಬಿಲ್ಲೆ ಬೀಳಲಿಲ್ಲ. ಸುತ್ತುದಾರಿಯಲ್ಲಿ ಹಚ್ಚಬೇಕೆಂದರೆ ದುಡ್ಡು ಕಟ್ಟಿ ಬುಕ್ ಮಾಡಬೇಕು, ಬಸ್ಸು ಹೊರಡುವುದರೊಳಗೆ ಸಿಗುವ ನಂಬಿಕೆಯೂ ಇಲ್ಲ.

ಬಸ್ಸಿನ ಡ್ರೈವರು ಎಂದಿನಂತೆ ಕಿಟಕಿಗೆ ಬಂದ. ಇನ್ನು ನನಗೆ ಖಬರ್ ಬರೋದಿಲ್ಲ, ನೀನು ಹಾರ್ನ್ ಹೊಡೆಯಬೇಡ ಎಂದು ಬಿಡಿಸಿ ಹೇಳಿದೆ. ಅವನು ಒಂದೆರಡು ದಿನ ಹೊಡೆಯಲಿಲ್ಲ. ಮೂರನೆಯ ದಿನ ಬಂದು ತಲೆ ಕೆರೆದುಕೊಂಡ. "ಬಾಯಿ, ಹಾರ್ನ್ ಇಲ್ಲಂದ್ರ ಜನ ಹೆದರ್ಲಾಕತ್ಯಾರ. ಹೊಳ್ಯಾಗಿಂದ ಓಡಿ ರಸ್ತಾಕ ಬಂದು ಬಸ್ ಅಡ್ಡಗಟ್ಟಿ, ಏನಾತು ಏನಾತು ಅಂತಾರ. ಮುದುಕೇರು, ಕೂಸು ಎಲ್ಲಾ." ನಾನು ಅವರಿಗೂ ಹೇಳು, ತಂತಿ ಕಿತ್ತಾರ ಅಂತ ಹೇಳು ಎಂದೆ. "ಹೇಳ್ದೆ ಬಾಯಿ. ತಂತಿ ಹೋದ್ರ ಹೋಯ್ತು, ನೀ ಭೋಂಗಾ ಯಾಕ ನಿಲ್ಲಿಸ್ತಿ ಅಂತಾರ" ಎಂದ. ಜನರ ಪಾಲಿಗೆ ಸುದ್ದಿ ಹೇಳುತ್ತಿದ್ದದ್ದು ಬಸ್ಸು. ಬಸ್ಸು ಬರುತ್ತಿದೆಯಲ್ಲ! ಅದರ ಹಿಂದೆ ಒಂದು ತಂತಿ, ಎರಡು ಹೆಂಗಸರು ಇದ್ದರೆಂಬುದು ಅವರ ಮನಸ್ಸಿಗೆ ಇಳಿಯಲೇ ಇಲ್ಲ. ಕೊನೆಗೆ ಡ್ರೈವರು ಜನರ ಸಮಾಧಾನಕ್ಕೆಂದು ಗಿಡ್ಡ ಹಾರ್ನ್ ಹೊಡೆಯತೊಡಗಿದ. ನಾನು ಬೈದೆ. ಅವನು ತಲೆಯಾಡಿಸಿ ಹೋದ, ಮತ್ತೆ ಹೊಡೆದ. ಊರಿಗೆ ಹೋದಾಗ ಭಾವನಿಗೂ ಹೇಳಿದೆ. "ಹೊಡಿಲಿ ಬಿಡವ್ವ, ಕೇಳಿದ್ರ ಜೀವಕ್ಕ ಹಿತ ಆಗ್ತದ" ಎಂದ. ದೀಪಾವಳಿ ಆದ ಮೇಲೆ ಹೊಳೆ ಏರುವುದು ಹಿರಿಯರ ಕಾಲದಲ್ಲೂ ಅಪರೂಪ ಎಂದ.

ಆ ವರ್ಷ ಅಪರೂಪದ್ದೇ ಆಯಿತು. ಸಮುದ್ರದ ಕಡೆಯ ಗಾಳಿಮಳೆ ಮೇಲಿನ ಸೀಮೆಯಲ್ಲಿ ಎರಡು ದಿನ ಸುರಿಯಿತು. ನಮ್ಮಲ್ಲಿ ಒಂದು ಹನಿ ಇಲ್ಲ, ತೊಗರಿ ಹೊಲದಲ್ಲಿ ಬಿಸಿಲು ಹೊಳೆಯುತ್ತಿತ್ತು. ಬೀದರ ಜಿಲ್ಲೆಯ ಆಚೆ ಎಲ್ಲೋ ಒಂದು ದೊಡ್ಡ ಕೆರೆಯ ಏರಿ ಬೆಳಗಿನ ಹೊತ್ತು ಒಡೆಯಿತು. ಆ ನೀರು ಹೊಳೆಗೆ ಬಿದ್ದು ನಮ್ಮೂರು ಮುಟ್ಟಲು ಹಗಲು ಪೂರ್ತಿ ಬೇಕು. ಒಂದು ಮಾತು ಹೇಳಲು ಅಷ್ಟು ಹೊತ್ತು ಬೇಕೇ? ಹಳೆಯ ತಂತಿ ಇದ್ದಿದ್ದರೆ ನಾನು ಹಿಡಿಕೆ ತಿರುವುವ ಮೊದಲೇ ಬೀದರದ ಬಿಲ್ಲೆ ಬೀಳುತ್ತಿತ್ತು.

ಆ ಮಧ್ಯಾಹ್ನ ಬಸ್ಸು ಎಂದಿನಂತೆ ಹೋಯಿತು. ಎಂದಿನಂತೆ ಗಿಡ್ಡ ಹಾರ್ನ್ ಹೊಡೆಯಿತು. ಭಾವ ನಡುಹೊಳೆಯ ಉಸುಕಿನಲ್ಲಿ ಕುಣಿ ತೋಡುತ್ತಿದ್ದ. ಹಾರ್ನ್ ಕೇಳಿ ಸೊಂಟ ನೆಟ್ಟಗೆ ಮಾಡಿ, ರಸ್ತೆಯ ಕಡೆ ಕೈ ಎತ್ತಿ, ಮತ್ತೆ ಬಾಗಿದನಂತೆ. ದಂಡೆಯ ಮೇಲೆ ಬುತ್ತಿ ಬಿಚ್ಚುತ್ತಿದ್ದ ಅಕ್ಕ ಅದನ್ನು ನೋಡಿದಳು.

ಸಂಜೆಯ ಹೊತ್ತಿಗೆ ನನ್ನ ಬೋರ್ಡಿನಲ್ಲಿ ಸಂಗಾರೆಡ್ಡಿಯ ಬಿಲ್ಲೆ ಬಿತ್ತು. ಬೀದರದಿಂದ ಟ್ರಂಕ್ ಕಾಲ್ ಇದೆ ಎಂದು ಅಲ್ಲಿಯ ಆಪರೇಟರ್ ಹೇಳಿದಳು. ನಾಲ್ಕು ಊರಿನ ಗದ್ದಲದ ಆಚೆಯಿಂದ ಬೀದರದವಳ ದನಿ ಬಂತು. "ಮುಂಜಾನಿಂದ ನಿನಗ ಹಚ್ಚಾಕತ್ತೀನಿ. ಗುಲಬರ್ಗಾ ಸಿಕ್ರ ಬೆಂಗಳೂರು ಸಿಗಂಗಿಲ್ಲ, ಬೆಂಗಳೂರು ಸಿಕ್ರ ಹೈದರಾಬಾದ್ ಲೈನ್ ಖಾಲಿ ಇಲ್ಲ. ಕೆರಿ ಒಡದದ. ನೀರು ಬರ್ಲಾಕತ್ತದ. ಮಂದೀಗಿ ಹೇಳು, ಲಗೂ ಹೇಳು." ನಾನು ನಾರಾಯಣಖೇಡಕ್ಕೆ ಹಚ್ಚಿದೆ. ಅಲ್ಲಿಯವನು ಎತ್ತಿದ. ಹೊಳೆಯ ಕಡೆ ಜನರನ್ನು ಓಡಿಸಿ ಎಂದು ಕೂಗಿದೆ. "ನೀರು ಬಂದು ಹೋಯ್ತು ಬಾಯಿ" ಎಂದ.

ನೀರು ಬಂದಾಗ ಬಿಸಿಲು ಇನ್ನೂ ಇತ್ತು. ಉಳಿದವರು ಸದ್ದು ಕೇಳಿ ದಂಡೆಗೆ ಹಾರಿದರು. ಭಾವ ಅರ್ಧ ದಾರಿ ಬಂದವನು ಕಟ್ಟಿದ ಎತ್ತುಗಳ ಹಗ್ಗ ಬಿಚ್ಚಲು ಹಿಂದಕ್ಕೆ ಹೋದ. ಒಂದು ಎತ್ತು ದಡ ಹತ್ತಿತು. ಅವನು ಮಾರನೆಯ ದಿನ ಕೆಳಗಿನ ಹಳ್ಳಿಯ ಜಾಲಿಕಂಟಿಯಲ್ಲಿ ಸಿಕ್ಕ.

ಡ್ರೈವರು ಮಣ್ಣಿಗೆ ಬಂದಿದ್ದ, ದೂರ ನಿಂತಿದ್ದ. ಹೋಗಿ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಅವನ ಮುಖ ನೋಡಿದ ಮೇಲೆ ಆಗಲಿಲ್ಲ. ಅವನು ಆ ದಾರಿಗೆ ಮತ್ತೆ ಹೋಗಲಿಲ್ಲ, ಬೇರೆ ರೂಟು ಹಾಕಿಸಿಕೊಂಡ. ಬೇರೆ ಯಾರ ಮುಖವನ್ನು ಹುಡುಕಲಿ? ತಂತಿ ಕಿತ್ತದ್ದು ಒಬ್ಬರು, ತೀರ್ಮಾನ ಮಾಡಿದ್ದು ಇನ್ನೊಬ್ಬರು, ಚಿತ್ರ ಬರೆದದ್ದು ಮತ್ತೊಬ್ಬರು. ಯಾರಿಗೂ ಹೊಳೆ ಯಾವ ಕಡೆ ಹರಿಯುತ್ತದೆ ಎಂದು ಕೂಡ ಗೊತ್ತಿರಲಿಲ್ಲ.

ಅಕ್ಕನದು ಬೇರೆಯೇ ಸ್ವಭಾವ. ಅವಳು ಮನುಷ್ಯರನ್ನು ಯಾರನ್ನೂ ಬೈಯಲಿಲ್ಲ, ಬೈದರೆ ಹೊಳೆಯನ್ನೇ. ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು. "ಯಾರೇನು ಮಾಡಾಕ ಬರ್ತದ. ಯಾರಿಗೂ ಗೊತ್ತಿರಲಿಲ್ಲ. ಹೊಳಿಯವ್ವ ಹೇಳದೆ ಬಂದಳು." ರಾತ್ರಿ ಹಗಲು ಆ ಮಾತನ್ನೇ ಹಿಡಿದುಕೊಂಡಿದ್ದಳು. ನನಗೆ ಬೀದರದ ಟ್ರಂಕ್ ಕಾಲ್ ವಿಷಯ ಗೊತ್ತಿತ್ತು, ಆದರೂ ಬಾಯಿ ಬಿಡಲಿಲ್ಲ. ಅದು ನನ್ನ ಕೈಗೆ ಬಂದದ್ದು ನೀರು ಬಂದ ಮೇಲೆ ತಾನೇ. ಅವಳ ಮಾತು ಸುಳ್ಳೇನಲ್ಲ, ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ ಎಂದು ನಾನೂ ನಂಬಿದ್ದೆ. ಅಷ್ಟಾದರೂ ನೆಮ್ಮದಿ ಅವಳಿಗೆ ಇರಲಿ ಎಂದುಕೊಂಡೆ.

ಪರಿಹಾರದ ಕೆಲಸಕ್ಕೆ ಅವಳನ್ನು ಕರೆದುಕೊಂಡು ಸಂಗಾರೆಡ್ಡಿಗೆ ಹೋದೆ. ಕಚೇರಿಯ ಮೇಲೆ ಆ ಬಿಳಿ ತಾಟು ಆಕಾಶಕ್ಕೆ ಮುಖ ಮಾಡಿ ಕೂತಿತ್ತು. ಪರಿಹಾರದ ಅಧಿಕಾರಿ ಬರುವ ತನಕ ಕಂಪ್ಯೂಟರಿನ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಒಳಗೆ ತಣ್ಣನೆ ಗಾಳಿ, ಗಾಜಿನ ಬಾಗಿಲು, ಚಪ್ಪಲಿ ಹೊರಗೆ. ದೇವರ ಮನೆಗೂ ನಮ್ಮಲ್ಲಿ ಅಷ್ಟು ಮಡಿ ಇಲ್ಲ. ಯಂತ್ರ ನೋಡಿಕೊಳ್ಳುವ ಅಧಿಕಾರಿ ಹೊರಗೆ ಬಂದು, ನಾನು ಟೆಲಿಫೋನಿನವಳು ಎಂದು ತಿಳಿದು, ವಿಶ್ವಾಸದಿಂದ ಮಾತಿಗೆ ನಿಂತರು. ನಿಮ್ಮ ಇಲಾಖೆಯ ತಂತಿಗಳಿಗಿಂತ ನಮ್ಮದು ಎಷ್ಟು ಮುಂದಿದೆ ನೋಡಿ ಎಂದು ಉರ್ದುವಿನಲ್ಲಿ ಹೇಳಿದರು. ಮೊನ್ನೆಯ ಪ್ರವಾಹವನ್ನೇ ತೆಗೆದುಕೊಳ್ಳಿ, ಕೆರೆ ಒಡೆದ ಸ್ವಲ್ಪ ಹೊತ್ತಿಗೇ ಬೀದರದವರು ಕಳಿಸಿದ ಸುದ್ದಿ ದಿಲ್ಲಿಗೆ ಹೋಗಿ ಇಲ್ಲಿಗೆ ಬಂದು ಬಿದ್ದಿತ್ತು, ಇಡೀ ರಾಜ್ಯದಲ್ಲಿ ನಮ್ಮ ಕೇಂದ್ರದ ಹೆಸರು ಬಂದಿದೆ ಎಂದರು. ಪಕ್ಕದಲ್ಲಿ ತಲೆಯ ಮೇಲೆ ಸೆರಗು ಹೊದ್ದು ಕೂತವಳು ಯಾರೆಂದು ಅವರಿಗೆ ಗೊತ್ತಿರಲಿಲ್ಲ.

ಅಕ್ಕನಿಗೆ ಉರ್ದು ಚೆನ್ನಾಗಿ ತಿಳಿಯುತ್ತದೆ. ನಮ್ಮ ಕಡೆ ಯಾರಿಗೆ ತಿಳಿಯದು?

"ಮುಂಜಾನೆ ಬಂದಿತ್ತೇನ್ರಿ ಸಾಹೇಬ್ರೆ?" ಎಂದು ಅವಳೇ ಕೇಳಿದಳು.

"ಹೌದಮ್ಮಾ, ಬೆಳಿಗ್ಗೆನೇ" ಎಂದರು ಅವರು, ಖುಷಿಯಿಂದ.

"ಬಂದದ್ದು ಎಲ್ಲಿತ್ತರಿ?"

"ಇಲ್ಲೇ, ಈ ಕೋಣೆಯಲ್ಲೇ. ದೊಡ್ಡ ಸಾಹೇಬರು ಊರಲ್ಲಿರಲಿಲ್ಲ. ಸಂಜೆ ಅವರು ಬಂದ ಕೂಡಲೇ ಅವರ ಮುಂದೆ ಇಟ್ಟೆವು. ನಮ್ಮ ಕಡೆಯಿಂದ ಒಂದು ನಿಮಿಷವೂ ತಡ ಆಗಲಿಲ್ಲ."

ನಾನು ಎದ್ದು ನಿಂತು ಆಡಬಾರದ ಮಾತೆಲ್ಲ ಆಡಿದೆ. ಕನ್ನಡದಲ್ಲಿ ಶುರು ಮಾಡಿ ಉರ್ದುವಿಗೆ ಹೋಗಿ ತೆಲುಗಿನಲ್ಲಿ ಮುಗಿಸಿದೆ. ಜವಾನ ಓಡಿ ಬಂದ. ಆ ಅಧಿಕಾರಿ ಪೆಚ್ಚಾಗಿ, ಯಂತ್ರದ ತಪ್ಪೇನೂ ಇಲ್ಲವಲ್ಲ, ಯಂತ್ರ ತನ್ನ ಕೆಲಸ ಮಾಡಿದೆಯಲ್ಲ ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಅವರು ಹೇಳಿದ್ದು ನಿಜ. ಅದಕ್ಕೇ ನನಗೆ ಅಷ್ಟು ಸಿಟ್ಟು.

ಅಕ್ಕ ನನ್ನ ಕೈ ಹಿಡಿದು ಹೊರಗೆ ಎಳೆದುಕೊಂಡು ಬಂದಳು. ಪರಿಹಾರದ ಅಧಿಕಾರಿಯನ್ನು ಕಾಯೋಣ ಎಂದೆ. ಬೇಡ ಎಂದಳು. ಬಸ್ಸು ಜೋಗಿಪೇಟೆ ದಾಟಿತು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು:

"ಇಷ್ಟು ದಿನಾ ಹೊಳೀನ ಬೈಕೋತ ಬದುಕಿದ್ದೆ. ಇನ್ನ ಯಾರನ್ನ ಬೈಲಿ, ಹೇಳು."